ಖಾಲಿ ಸ್ಪ್ರೇ ಪೇಂಟ್ ಡಬ್ಬದೊಳಗಿನ ಗೋಲಿ ತೆಗೆಯುವುದು ಹೇಗೆ?

ಗೋಲಿಚೀಲ:
ಗ್ಯಾರೇಜಿನಿಂದ ಬಂದ ಮೂವತ್ತು ಖಾಲಿ ಸ್ಪ್ರೇ ಪೇಂಟ್ ಡಬ್ಬಗಳಿವೆ, ಎಲ್ಲವೂ 400 ಮಿ.ಲೀ. ಆಸುಪಾಸಿನವು. ಬಣ್ಣ ಕಲಕಲೆಂದು ಒಳಗೆ ಹಾಕಿರುವ ಗೋಲಿಗಳು ಸಂಗ್ರಹಕ್ಕೆ ಬೇಕು. ಗುಂಡಿ ಒತ್ತಿದರೆ ಏನೂ ಬರುತ್ತಿಲ್ಲ. ಅಲ್ಲಾಡಿಸಿದರೆ ಹೆಚ್ಚಿನವು ಕಟಕಟ ಅನ್ನುತ್ತವೆ, ಐದಾರು ಮಾತ್ರ ಸದ್ದೇ ಮಾಡುವುದಿಲ್ಲ. ತಗಡು ಕತ್ತರಿ, ಸುತ್ತಿಗೆ, ಉಳಿ, ಆಂಗಲ್ ಗ್ರೈಂಡರ್ ಇವೆ. ಎಲ್ಲಿಂದ ಕತ್ತರಿಸಬೇಕು? ಗಾಜಿಗೆ ಗೀರು ಬೀಳದಂತೆ ಬಣ್ಣ ಬಿಡಿಸುವುದು ಹೇಗೆ? ಸದ್ದಿಲ್ಲದ ಡಬ್ಬಗಳಲ್ಲಿ ಗೋಲಿ ಇರುತ್ತದೆಯೇ?

ತಗಡುಕೆಲಸ:
ಮೊದಲು ಆ ಗ್ರೈಂಡರನ್ನು ಎತ್ತಿ ಒಳಗಿಡಿ. ಬಣ್ಣವನ್ನು ಹೊರಕ್ಕೆ ತಳ್ಳುವುದು ಪ್ರೊಪೇನ್, ಬ್ಯೂಟೇನ್ ಅಥವಾ ಡೈಮೀಥೈಲ್ ಈಥರ್. ಮೊದಲಿನ ಎರಡು ಅಡುಗೆ ಸಿಲಿಂಡರಿನಲ್ಲಿರುವ ಅನಿಲಗಳೇ, ಮೂರನೆಯದೂ ಅಷ್ಟೇ ಬೇಗ ಹೊತ್ತಿಕೊಳ್ಳುತ್ತದೆ. ಒಂದು ಕಿಡಿ ಸಾಕು.

"ಒತ್ತಿದರೆ ಏನೂ ಬರುತ್ತಿಲ್ಲ" ಅನ್ನುವುದನ್ನು ನಂಬಬೇಡಿ. ನಾಜಲ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಹಾಗೇ ಇರುತ್ತದೆ. ಅದನ್ನು ಕಿತ್ತು, ಬೇರೆ ಡಬ್ಬದ ಚೊಕ್ಕ ನಾಜಲ್ ಸಿಕ್ಕಿಸಿ ಇನ್ನೊಮ್ಮೆ ಒತ್ತಿ ನೋಡಿ. ಡಬ್ಬ ತಲೆಕೆಳಗಾಗಿರಲಿ. ಹಾಗೆ ಹಿಡಿದರೆ ಒಳಗಿನ ಕೊಳವೆಯ ಬಾಯಿ ಬಣ್ಣದಿಂದ ಮೇಲಕ್ಕೆ ಬರುತ್ತದೆ, ಬಣ್ಣ ನಿಂತು ಬರೀ ಗ್ಯಾಸ್ ಹೊರಬರುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಗ್ಯಾಸು ದ್ರವವಾಗಿ ಬಣ್ಣದೊಳಗೆ ಬೆರೆತಿರುತ್ತದೆ. ಅದು ಆವಿಯಾಗುವಾಗ ಡಬ್ಬದ ಶಾಖವನ್ನೇ ಹೀರುವುದರಿಂದ ಡಬ್ಬ ಮಂಜಿನಂತೆ ತಣ್ಣಗಾಗುತ್ತದೆ, ಹೊರಮೈಯಲ್ಲಿ ನೀರು ಹನಿಯುತ್ತದೆ. ಬ್ಯೂಟೇನ್ ಕುದಿಯುವುದು ಮೈನಸ್ 0.5 ಡಿಗ್ರಿಯಲ್ಲಿ. ಡಬ್ಬ ಅದರ ಹತ್ತಿರಕ್ಕೆ ಇಳಿದರೆ ಒತ್ತಡ ಬೀಳುತ್ತದೆ, ಸುಸ್ ಎಂಬ ಸದ್ದು ನಿಲ್ಲುತ್ತದೆ. ಖಾಲಿಯಾಯಿತು ಅಂದುಕೊಂಡು ಕತ್ತರಿ ಹಾಕಿದರೆ, ಡಬ್ಬ ಬೆಚ್ಚಗಾಗುತ್ತಿದ್ದಂತೆ ಉಳಿದ ಗ್ಯಾಸೆಲ್ಲ ನಿಮ್ಮ ಮುಖದ ಮುಂದೆಯೇ ಹೊರಬರುತ್ತದೆ. ಆದ್ದರಿಂದ ಸದ್ದು ನಿಂತ ಮೇಲೆ ಅರ್ಧ ಗಂಟೆ ನೆರಳಲ್ಲಿ ಬಿಟ್ಟು ಮತ್ತೆ ಒತ್ತಿ. ಕೈಗೆ ತಣ್ಣಗೆ ಹತ್ತದ ಡಬ್ಬ ಒತ್ತಿದಾಗ ಸತತ ಎರಡು ಸಲ ಸುಮ್ಮನಿರುವವರೆಗೂ ಇದನ್ನೇ ಮಾಡಿ. ಬೇಗ ಆಗಲೆಂದು ಬಿಸಿನೀರಿನಲ್ಲೋ ಬಿಸಿಲಲ್ಲೋ ಇಡಬೇಡಿ. ಫ್ರಿಜ್ಜಿನಲ್ಲೂ ಬೇಡ: ಸೋರಿದ ಗ್ಯಾಸ್ ಪೆಟ್ಟಿಗೆಯೊಳಗೆ ತುಂಬಿಕೊಳ್ಳುತ್ತದೆ, ಫ್ರಿಜ್ಜಿನ ಸ್ವಿಚ್ ಕಿಡಿ ಹಾರಿಸುತ್ತದೆ.

ಕೆಲಸ ಬಯಲಲ್ಲೇ ಆಗಬೇಕು. ಈ ಗ್ಯಾಸ್ ಗಾಳಿಗಿಂತ ಭಾರ, ಸಂಪು, ಚರಂಡಿ, ನೆಲಮಾಳಿಗೆಗಳಿಗೆ ಇಳಿದು ನಿಲ್ಲುತ್ತದೆ. ಸುತ್ತ ಅಗರಬತ್ತಿ, ಓಡುವ ಬೈಕು, ಇನ್ವರ್ಟರ್ ಇರಬಾರದು. ಕನ್ನಡಕ, ನೈಟ್ರೈಲ್ ಗ್ಲೌಸ್, ಇದ್ದಿಲು ಫಿಲ್ಟರಿನ ಮಾಸ್ಕ್ ಬೇಕು. ಬಟ್ಟೆ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ತೂತು ಮಾಡಲು ಅಮೆರಿಕದ ವರ್ಕ್‌ಶಾಪುಗಳಲ್ಲಿ ಡ್ರಮ್ಮಿನ ಬಾಯಿಗೆ ತಿರುಗಿಸಿ ಕೂರಿಸುವ ಸಾಧನವಿರುತ್ತದೆ. ಡ್ರಮ್ಮಿನೊಳಕ್ಕೆ ಬಣ್ಣ ಇಳಿಯುತ್ತದೆ, ಆವಿ ಇದ್ದಿಲಿನ ಮೂಲಕ ಹೋಗುತ್ತದೆ. ಮೂವತ್ತು ಡಬ್ಬ ಅಂದರೆ ಅಂಥದ್ದನ್ನು ಬಳಸುವವರ ಬಳಿ ಮಾಡಿಸುವುದೇ ಒಳ್ಳೆಯದು. ಮನೆಯಲ್ಲೇ ಆಗಬೇಕಾದರೆ ಮರದ ಹಲಗೆಗೆ ಚೂಪು ಮೊಳೆ ಬಡಿದು, ಮೊನೆ ಮೇಲಕ್ಕಿರುವಂತೆ ಬಕೆಟ್ಟಿನ ತಳದಲ್ಲಿಟ್ಟು ಇಟ್ಟಿಗೆ ಹೇರಿ. ಮೊಳೆ ಒಂದು ಗೇಣು ಮುಳುಗುವಷ್ಟು ನೀರು ತುಂಬಿ. ಡಬ್ಬವನ್ನು ಮಲಗಿಸಿ, ಮಧ್ಯದ ತೆಳು ಮೈ ಮೊಳೆಯ ಮೇಲೆ ಬರುವಂತೆ ಎರಡೂ ತುದಿ ಹಿಡಿದು ಒತ್ತಿ. ಗುಳ್ಳೆ ನಿಂತ ಮೇಲೆ ಹೊರಳಿಸಿ ಎದುರು ಬದಿಗೆ ಇನ್ನೊಂದು ತೂತು. ಒಂದೇ ತೂತಿದ್ದರೆ ನೀರು ಒಳಗೆ ಹೋಗುವುದಿಲ್ಲ. ಎರಡಿದ್ದರೆ ಡಬ್ಬ ತುಂಬುತ್ತದೆ, ಆವಿಗೆ ಜಾಗ ಉಳಿಯುವುದಿಲ್ಲ. ತೂತನ್ನು ಉಳಿಯ ಮೂಲೆಯಿಂದ ಅಗಲ ಮಾಡಿ, ಒದ್ದೆಯಿರುವಾಗಲೇ ಕತ್ತರಿ ತೂರಿಸಿ ಸುತ್ತ ಕತ್ತರಿಸಿ. ಮೇಲಿನ ಗುಮ್ಮಟ, ತಳ ಎರಡೂ ದಪ್ಪ ತಗಡು, ಅವುಗಳ ಗೊಡವೆ ಬೇಡ. ಉದ್ದಕ್ಕಿರುವ ವೆಲ್ಡಿಂಗ್ ಗೆರೆಯನ್ನು ಕೊನೆಯಲ್ಲಿ ದಾಟಿ. ತಗಡಿನ ಅಂಚು ಬ್ಲೇಡಿನಂತಿರುತ್ತದೆ, ನೈಟ್ರೈಲ್ ಮೇಲೆ ಚರ್ಮದ ಗ್ಲೌಸ್ ಹಾಕಿಕೊಳ್ಳಿ. ಉಳಿಗೆ ಸುತ್ತಿಗೆ ಪೆಟ್ಟು ಮಾತ್ರ ಬೇಡ, ಗಾಜಿನ ಗೋಲಿಯಿಂದ ಚಕ್ಕೆ ಹಾರುತ್ತದೆ.

ಗೋಲಿಚೀಲ:
ತುಂಬಾ ಉಪಕಾರವಾಯಿತು ಸರ್. ಅಯಸ್ಕಾಂತ ಹಿಡಿದು ಒಳಗಿರುವುದು ಉಕ್ಕೋ ಗಾಜೋ ಮೊದಲೇ ನೋಡಬಹುದೇ?

ಬಣ್ಣದಂಗಡಿ:
ಆಗುವುದಿಲ್ಲ. ಡಬ್ಬವೇ ತವರ ಲೇಪಿಸಿದ ಉಕ್ಕಿನ ತಗಡು, ಅಯಸ್ಕಾಂತ ಡಬ್ಬಕ್ಕೇ ಕಚ್ಚುತ್ತದೆ. ಜೋಡಣೆಯಿಲ್ಲದ ಅಲ್ಯೂಮಿನಿಯಂ ಡಬ್ಬ ಸಿಕ್ಕರೆ ಮಾತ್ರ ಈ ಉಪಾಯ ನಡೆಯುತ್ತದೆ.

ಸದ್ದಿಲ್ಲದ್ದಕ್ಕೆ ಎರಡು ಕಾರಣ. ಕ್ಲಿಯರ್ ಲ್ಯಾಕರ್, ವಾರ್ನಿಷ್‌ಗಳಲ್ಲಿ ತಳಕ್ಕೆ ಕೂರುವ ಬಣ್ಣದ ಪುಡಿ ಇಲ್ಲ, ಕಲಕುವ ಕೆಲಸವೂ ಇಲ್ಲ, ಆದ್ದರಿಂದ ಸಾಮಾನ್ಯವಾಗಿ ಗೋಲಿ ಹಾಕುವುದಿಲ್ಲ. ಲೇಬಲ್ ನೋಡಿ ಅವನ್ನು ಬದಿಗಿಡಿ, ಸುಮ್ಮನೆ ಕತ್ತರಿಸಬೇಡಿ. ಸಿಲ್ವರ್, ಜಿಂಕ್ ಪ್ರೈಮರ್‌ಗಳದು ಇದಕ್ಕೆ ತದ್ವಿರುದ್ಧ: ಪುಡಿ ಭಾರವಾದ್ದರಿಂದ ತಳದಲ್ಲಿ ಗಟ್ಟಿ ಬಿಲ್ಲೆಯಾಗಿ ಕೂತು ಗೋಲಿಯನ್ನು ಹಿಡಿದುಕೊಳ್ಳುತ್ತದೆ. ಗ್ಯಾಸ್ ತೆಗೆಯುವ ಮೊದಲೇ ಒಂದು ರಾತ್ರಿ ತಲೆಕೆಳಗಾಗಿ ನಿಲ್ಲಿಸಿ, ಬೆಳಿಗ್ಗೆ ತಳವನ್ನು ಅಂಗೈಯಿಂದ ತಟ್ಟಿ. ಸಾಮಾನ್ಯವಾಗಿ ಬಿಡುತ್ತದೆ.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ: ತಳದಲ್ಲಿ ಒತ್ತುವ ಗುಂಡಿಯಿರುವ 2ಕೆ (ಬಣ್ಣ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಎರಡೂ ಬೇರೆಬೇರೆಯಾಗಿರುವ) ಡಬ್ಬಗಳನ್ನು ತೆರೆಯಲೇಬೇಡಿ. ಒಳಗಿನ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ, ಉಸಿರಿಗೆ ಹೋದರೆ ಆಸ್ತಮಾ ತರಿಸಬಲ್ಲದು. ಒಂದು ಗೋಲಿಗಾಗಿ ಅಷ್ಟು ಬೆಲೆ ತೆರಬಾರದು.

ಬಣ್ಣ ಬಿಡಿಸುವುದರಲ್ಲಿ ಹೊತ್ತಿನದೇ ಲೆಕ್ಕ. ಮುಚ್ಚಿದ ಡಬ್ಬದಲ್ಲಿ ಬಣ್ಣ ಹಸಿಯಾಗೇ ಇರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗತೊಡಗುತ್ತದೆ. ಹೊರಬಂದ ಗೋಲಿಯನ್ನು ಆಗಲೇ ಹತ್ತಿ ಬಟ್ಟೆಯಿಂದ ಒರೆಸಿ, ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಮುಳುಗುವಷ್ಟು ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಕಿ ಒಂದು ದಿನ ಬಿಡಿ. ಅಕ್ರಿಲಿಕ್ ಬಣ್ಣ ಒಣಗಿದ್ದರೂ ಕರಗುತ್ತದೆ. ಸಿಂಥೆಟಿಕ್ ಎನಾಮಲ್ ಪೂರ್ತಿ ಗಟ್ಟಿಯಾಗಿದ್ದರೆ ಥಿನ್ನರಿಗೆ ಉಬ್ಬುತ್ತದೆ, ಕರಗುವುದಿಲ್ಲ. ಅದಕ್ಕೆ ಪ್ಲಾಸ್ಟಿಕ್ ಡಬ್ಬಿಯಲ್ಲಿ 1 ಲೀಟರ್ ತಣ್ಣೀರಿಗೆ 50 ಗ್ರಾಂ ಕಾಸ್ಟಿಕ್ ಸೋಡಾ ಸ್ವಲ್ಪಸ್ವಲ್ಪವೇ ಹಾಕಿ ಕಲಕಿ, ಗೋಲಿಯನ್ನು ಒಂದು ರಾತ್ರಿ ನೆನೆಸಿ. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಬಿಸಿ ಮಾಡುವುದೂ ಬೇಡ, ಬಿಸಿ ಸೋಡಾದಲ್ಲಿ ಹೊತ್ತು ಬಿಟ್ಟರೆ ಗಾಜಿನ ಹೊಳಪು ಹೋಗುತ್ತದೆ. ಉಳಿದ ಕಲೆಯನ್ನು ಉಗುರಿನಿಂದಲೋ ಮರದ ಕಡ್ಡಿಯಿಂದಲೋ ತೆಗೆಯಿರಿ, ಸ್ಟೀಲ್ ನಾರಿನಿಂದ ಬೇಡ. ಉಕ್ಕಿನ ಗುಂಡನ್ನು ತೊಳೆದ ತಕ್ಷಣ ಒರೆಸಿ ಎಣ್ಣೆ ಸವರಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ.

ಕೊಳೆಯಾದ ಥಿನ್ನರನ್ನು ಮೋರಿಗೆ ಸುರಿಯಬೇಡಿ. ಎರಡು ದಿನ ಮುಚ್ಚಿಟ್ಟರೆ ಪುಡಿ ಕೆಳಗಿಳಿಯುತ್ತದೆ, ಮೇಲಿನ ತಿಳಿ ಮುಂದಿನ ಗೋಲಿಗಳಿಗೆ ಆಗುತ್ತದೆ. ಕೆಳಗಿನ ರಾಡಿ, ಬಕೆಟ್ಟಿನ ಬಣ್ಣದ ನೀರು ಎರಡನ್ನೂ ಮನೆಯ ಅಪಾಯಕಾರಿ ಕಸವಾಗಿ ಬೇರೆ ಕೊಡಬೇಕು.

ವರ್ನಿಯರ್:
ಸಂಗ್ರಹಕ್ಕೆ ಅಂದಿರಲ್ಲ, ಹಾಗಾದರೆ ಥಿನ್ನರ್ ಮುಟ್ಟುವ ಮೊದಲೇ ತಳದ ಬ್ಯಾಚ್ ನಂಬರು, ಲೇಬಲ್ ಎರಡರ ಫೋಟೋ ತೆಗೆಯಿರಿ. ಆ ಶಾಯಿ ಥಿನ್ನರ್ ಬಟ್ಟೆ ಸೋಕಿದರೆ ಅಳಿಸಿಹೋಗುತ್ತದೆ. ಯಾವ ಡಬ್ಬದ್ದೆಂದು ತಿಳಿಯದ ಗೋಲಿಯನ್ನು ಆಟದ ಗೋಲಿಯಿಂದ ಬೇರ್ಪಡಿಸಲು ಏನೂ ಉಳಿಯುವುದಿಲ್ಲ.

ಅಳತೆಗೆ ಒಂದು ಮೇಲ್ಮಿತಿ ಇದೆ. ಡಬ್ಬದ ವಾಲ್ವ್ ಕೂರುವ ಬಾಯಿ 1 ಅಂಗುಲ, ಅಂದರೆ 25.4 ಮಿ.ಮೀ. ಗೋಲಿ ಹಾಕುವುದು ಆ ಬಾಯಿಂದಲೇ, ವಾಲ್ವ್ ಬಿಗಿಯುವ ಮೊದಲು. ಗಾಜಿನವು ಹೆಚ್ಚಾಗಿ 14ರಿಂದ 16 ಮಿ.ಮೀ. ಇರುತ್ತವೆ. 15 ಮಿ.ಮೀ. ಗಾಜು ಸುಮಾರು 4.4 ಗ್ರಾಂ, 8 ಮಿ.ಮೀ. ಉಕ್ಕು ಸುಮಾರು 2.1 ಗ್ರಾಂ ತೂಗುತ್ತದೆ. (ಗೋಲಿ ಸೋಡಾ ಬಾಟಲಿಯ ಲೆಕ್ಕವೇ ಬೇರೆ: ಅಲ್ಲಿ ಗೋಲಿ ಹಾಕಿದ ಮೇಲೆ ಬಾಯಿಯನ್ನು ಕಿರಿದು ಮಾಡುತ್ತಾರೆ, ಬಾಟಲಿ ಒಡೆಯದೆ ಗೋಲಿ ಬರುವುದಿಲ್ಲ.)

ಬಣ್ಣ ಕಲಕಲು ಗೋಲಿಯ ಅಂದ ಬೇಕಿಲ್ಲ. ಹಾಗಾಗಿ ತಿಳಿ ಹಸಿರು, ಕಂದು, ಬಿಳಿ ಗಾಜಿನವು ಹೆಚ್ಚು, ಆದರೆ ನಡುವೆ ಬಣ್ಣದ ಸುಳಿಯಿರುವ ಆಟದ ಗೋಲಿಯೂ ಸಿಗುತ್ತದೆ. ಎರಡು ಗಾಜಿನ ಗೋಲಿಯಿರುವ ಡಬ್ಬದಲ್ಲಿ ಒಂದಕ್ಕೊಂದು ಬಡಿದ ಸಣ್ಣ ಅರ್ಧಚಂದ್ರದ ಗುರುತುಗಳಿರುತ್ತವೆ. ಅದನ್ನು ಪಾಲಿಶ್ ಮಾಡಿ ಅಳಿಸಬೇಡಿ, ಅದು ಗೋಲಿ ಡಬ್ಬದೊಳಗೆ ದುಡಿದುದರ ನೆನಪು. ಜೋಡಿಯನ್ನು ಒಂದೇ ಕವರಿನಲ್ಲಿಡಿ, ನಡುವೆ ಕಾಗದ ಹಾಕಿ. ಚೀಟಿಯಲ್ಲಿ ಬ್ಯಾಚ್, ಡಬ್ಬದ ಬಣ್ಣ, ವ್ಯಾಸ, ತೂಕ ಇಷ್ಟು ಬರೆದರೆ ಸಾಕು, ಪೆನ್ಸಿಲಿನಲ್ಲಿ.