ಬಣ್ಣ ಹೋಗಿದೆಯೋ, ಬಣ್ಣ ಹತ್ತಿಲ್ಲವೋ?

ಎಲ್ಲರಿಗೂ ನಮಸ್ಕಾರ.

ಆಫ್ರಿಕಾ ಮೂಲದವರಲ್ಲಿ ಕಾಣುವ ಕಿಡ್ನಿ ಕ್ಯಾನ್ಸರ್ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹದಲ್ಲೇ ಎಡವಿದೆ. ಸುಮ್ನೆ ನೋಡೋಣ ಅಂತ ಯಂತ್ರಕ್ಕೆ ಕೊಟ್ಟರೆ 'ಸ್ಟೇನಿಂಗ್' ಹೋಗಿ 'ಕಲೆ' ಆಯಿತು. 'ಆಫ್ರಿಕನ್ ರೋಗಿಗಳಲ್ಲಿ ಕಲೆಯ ಮಾದರಿಗಳು' ಅಂತ ಓದಿದವರು ಯಾವುದೋ ಚಿತ್ರಪ್ರದರ್ಶನ ಅಂದುಕೊಂಡಾರು!

ಇದು ಬಣ್ಣ ಹಾಕುವ ಕೆಲಸ. ಗಡ್ಡೆಯ ತೆಳು ಹೋಳನ್ನು ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುತ್ತಾರೆ. ಯಾವ ಕೋಶ ಏನು ಹಿಡಿಯಿತು ಅಂತ ನೋಡಿ ಕ್ಯಾನ್ಸರಿನ ಜಾತಿ ಹೇಳುತ್ತಾರೆ. 'ಬಣ್ಣ ಹಿಡಿಯುವ ರೀತಿ' ಅಂದರೆ ಸಾಕು ಅನ್ನಿಸಿದೆ.

ಇನ್ನು ಕಿಡ್ನಿ ಕ್ಯಾನ್ಸರಿನ ಜಾತಿಗಳ ಹೆಸರು. 'ಕ್ಲಿಯರ್ ಸೆಲ್'ಗೆ 'ಸ್ಪಷ್ಟ ಕೋಶ' ಆಗದು. ಹೋಳು ತಯಾರಿಸುವಾಗ ಕೋಶದೊಳಗಿನ ಕೊಬ್ಬು, ಗ್ಲೈಕೋಜನ್ ಕರಗಿಹೋಗಿ ಖಾಲಿ ಕಾಣುತ್ತದೆ, ಅಷ್ಟೆ. 'ತಿಳಿ ಕೋಶ' ಪರವಾಗಿಲ್ಲ, ತಿಳಿನೀರು ಅಂದ ಹಾಗೆ. 'ಕ್ರೋಮೋಫೋಬ್'ಗೆ 'ವರ್ಣಭೀತ' ನನಗೆ ಹಿಡಿಸಲಿಲ್ಲ. ಮೂಲ ಪದದಲ್ಲಿ ಭಯ ಇದೆ, ನಿಜ. ಆದರೆ ಆ ಕೋಶ ಯಾರಿಗೂ ಹೆದರಿಲ್ಲ, ಬಣ್ಣ ಸರಿಯಾಗಿ ಹಿಡಿಯೋದಿಲ್ಲ. 'ಪ್ಯಾಪಿಲರಿ' ಹಾಗೇ ಇರಲಿ. ಅಮೆರಿಕದ ಕಪ್ಪು ಜನರಲ್ಲಿ ಈ ಬಗೆಯ ಪಾಲು ಬಿಳಿಯರಿಗಿಂತ ಜಾಸ್ತಿ, ಹಾಗಾಗಿ ಪದ ಪುಟಕ್ಕೊಮ್ಮೆ ಬರುತ್ತದೆ.

ನಿಜವಾದ ತೊಡಕು ಮೆಡ್ಯುಲರಿ ಕಾರ್ಸಿನೋಮಾ ಎಂಬ ಇನ್ನೊಂದು ಜಾತಿಯ ಕಿಡ್ನಿ ಕ್ಯಾನ್ಸರಿನಲ್ಲಿ. 1995ರಲ್ಲಿ ಇದನ್ನು ಬೇರೆಯೇ ಕಾಯಿಲೆ ಅಂತ ಗುರುತಿಸಿದರು. ಅಪರೂಪದ್ದು, ಆದರೆ ತುಂಬಾ ಉಗ್ರ. ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ, ವಂಶದಲ್ಲಿ ಬರುವ ತೊಂದರೆ) ಗುಣ ಹೊತ್ತ, ಆಫ್ರಿಕಾ ಮೂಲದ ಎಳೆ ವಯಸ್ಸಿನವರಲ್ಲೇ ಹೆಚ್ಚು. (ಸಿಕಲ್ ಸೆಲ್ ನಮ್ಮ ಚಾಮರಾಜನಗರದ ಸೋಲಿಗರ ಪೋಡುಗಳಲ್ಲೂ ಇದೆ, ಹೆಸರು ನಮಗೆ ಹೊಸದಲ್ಲ. ಹಾಗಾಗಿ 'ಕುಡುಗೋಲು ಕಣ' ಅಂತ ಬದಲಾಯಿಸೋಕೆ ಹೋಗಿಲ್ಲ.) ಈ ಕ್ಯಾನ್ಸರಿನಲ್ಲಿ ಐಎನ್‌ಐ1 ಎಂಬ ಪ್ರೋಟೀನ್ ಇದೆಯಾ ಅಂತ ಬಣ್ಣ ಹಾಕಿ ನೋಡುತ್ತಾರೆ. ಪ್ರೋಟೀನ್ ಇದ್ದರೆ ಕೋಶದ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗುತ್ತದೆ. ಅಕ್ಕಪಕ್ಕದ ಒಳ್ಳೆಯ ಕೋಶಗಳೆಲ್ಲ ಕಂದು, ಕ್ಯಾನ್ಸರ್ ಕೋಶ ಮಾತ್ರ ಬರೀ ನೀಲಿ (ಅದು ಹಿನ್ನೆಲೆಗೆ ಹಾಕಿದ ಬೇರೆ ಬಣ್ಣ). ವರದಿಯಲ್ಲಿ ಇದು 'ನೆಗೆಟಿವ್'. ನೆಗೆಟಿವ್ ಅಂದರೆ ನಮ್ಮ ಕಿವಿಗೆ 'ಏನೂ ಇಲ್ಲ, ಮನೆಗೆ ಹೋಗಿ' ಅಂತ ತಾನೆ? ಕೋವಿಡ್ ಕಲಿಸಿದ್ದೂ ಅದೇ. ಇಲ್ಲಿ ಪೂರಾ ಉಲ್ಟಾ.

'ಬಣ್ಣ ಹೋಗಿದೆ' ಅಂತ ಬರೆದೆ. ಒಗೆದ ಸೀರೆಯ ಹಾಗೆ ಇದ್ದದ್ದು ಹೋಯಿತು ಅಂತ ಕೇಳಿಸಿತು. ಹೋಗಿರುವುದು ಪ್ರೋಟೀನ್, ಬಣ್ಣ ಹತ್ತಲೇ ಇಲ್ಲ. ಸದ್ಯಕ್ಕೆ 'ಕ್ಯಾನ್ಸರ್ ಕೋಶಕ್ಕೆ ಬಣ್ಣ ಹತ್ತಿಲ್ಲ' ಅಂತ ಇಟ್ಟಿದ್ದೇನೆ. ಆದರೆ ಹೀಗಂದರೆ ಬಣ್ಣ ಹಾಕಿದವರೇ ಕೆಲಸ ಕೆಡಿಸಿದರು ಅನ್ನೋ ಅರ್ಥವೂ ಬರುತ್ತದಲ್ವಾ?

ಇಳಕಲ್, ಗುಳೇದಗುಡ್ಡದ ಕಡೆ ನೂಲಿಗೆ ಬಣ್ಣ ಹಾಕುವವರ ಒಡನಾಟ ಇರುವವರು ಯಾರಾದರೂ ಇದ್ದೀರಾ? ಬಣ್ಣದ್ದಾಗಲಿ ಕೈಯದ್ದಾಗಲಿ ತಪ್ಪಲ್ಲ, ನೂಲೇ ಹಿಡಿಯೋ ಜಾತಿಯದ್ದಲ್ಲ ಅನ್ನೋದಕ್ಕೆ ಅವರು ಏನಂತಾರೆ?