ಶರಣಾಗುವವನ ಕೈಯ ಚೀಟಿ: ರಹದಾರಿಯೋ, ಕೌಲೋ?

ಆತ್ಮೀಯರೇ,

ಎರಡನೆಯ ಮಹಾಯುದ್ಧದ ಕರಪತ್ರಗಳ ಕುರಿತು ಲೇಖನ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಸರಿಯಾದ ಕನ್ನಡ ಸಿಗದೆ ವಾರವಾಯಿತು.

1944ರಲ್ಲಿ ಮಿತ್ರರಾಷ್ಟ್ರಗಳು, ಶರಣಾಗುವವರು ತೋರಿಸಲೆಂದು, ಜರ್ಮನ್ ಸೈನಿಕರ ಮೇಲೆ ಉದುರಿಸಿದ ಚೀಟಿಯ ತಲೆಬರಹ ‘ಪಾಸೀರ್‌ಶೈನ್’. ನನಗೆ ಕನ್ನಡ ಬೇಕಾದದ್ದು ಈ ಜರ್ಮನ್ ಪದಕ್ಕೆ. ಮೇಲೆ ಅಮೆರಿಕ ಮತ್ತು ಬ್ರಿಟನ್ ಲಾಂಛನಗಳು, ಕೆಳಗೆ ಮಿತ್ರಪಡೆಗಳ ಮಹಾದಂಡನಾಯಕ ಐಸೆನ್‌ಹೋವರ್ ಸಹಿ. ಥೇಟ್ ಸರ್ಕಾರಿ ಪ್ರಮಾಣಪತ್ರ. ಈ ಸೈನಿಕನ ಆಯುಧ ತೆಗೆದುಕೊಳ್ಳಬೇಕು, ಚೆನ್ನಾಗಿ ನಡೆಸಿಕೊಳ್ಳಬೇಕು, ಊಟವನ್ನೂ ಬೇಕಾದರೆ ಚಿಕಿತ್ಸೆಯನ್ನೂ ಕೊಡಬೇಕು, ಬೇಗ ಅಪಾಯದ ಜಾಗದಿಂದ ಸಾಗಿಸಬೇಕು ಎಂಬ ಒಕ್ಕಣೆ. ಇಂಗ್ಲಿಷ್ ಪಾಠದಲ್ಲಿ ಅವನು ಚೀಟಿಯನ್ನು ‘ಇಟ್ಟುಕೊಂಡಿರುವ’ ಸೈನಿಕ. ಜರ್ಮನ್ ಪಾಠದಲ್ಲಿ ‘ತೋರಿಸುವ’ ಸೈನಿಕ. ಜೇಬಿನಲ್ಲಿದ್ದರೆ ಸಾಲದು, ಕೈ ಎತ್ತಿ ಹಿಡಿಯಬೇಕು. ನನ್ನ ಕನ್ನಡ ಪದದಲ್ಲಿ ಆ ಚಾಚಿದ ಕೈ ಕಾಣಬೇಕು.

ಹಿಟ್ಲರನಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಯೆಹೂದಿಗಳು ಮೇರಿಲ್ಯಾಂಡಿನ ಕ್ಯಾಂಪ್ ರಿಚಿಯಲ್ಲಿ ತರಬೇತಿ ಪಡೆದು, ಸೈನಿಕರಾಗಿ ಯುರೋಪಿಗೆ ಮರಳಿದರು. ಕೈದಿಗಳ ವಿಚಾರಣೆ, ಧ್ವನಿವರ್ಧಕದ ಕರೆ, ಕರಪತ್ರದ ಬರವಣಿಗೆ, ಎಲ್ಲಕ್ಕೂ ಅವರ ತಾಯ್ನುಡಿಯ ಜರ್ಮನ್ ಬೇಕಾಗಿತ್ತು. ಕೆಮ್ನಿಟ್ಸ್ ಊರಿನ ಲೇಖಕ ಸ್ಟೆಫಾನ್ ಹೈಮ್ ಅವರಲ್ಲೊಬ್ಬರು. ಇಂಥ ಚೀಟಿಗಳನ್ನು ಯುದ್ಧ ಮುಗಿದ ಮೇಲೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ.

‘ಶೈನ್’ ಎಂದರೆ ಚೀಟಿ, ಪತ್ರ. ಅದು ಸುಲಭ. ಇಡೀ ಪದಕ್ಕೆ ಮೊದಲು ಹೊಳೆದದ್ದು ‘ರಹದಾರಿ’, ಅಂದರೆ ದಾಟಿಹೋಗಲು ಕೊಡುವ ಪರವಾನಗಿ, ಪಾಸ್‌ಪೋರ್ಟ್. ಈ ಪದ ನನಗೆ ಬಹಳ ಇಷ್ಟ. 1938ರ ಅಕ್ಟೋಬರಿನಿಂದ ಜರ್ಮನಿಯ ಯೆಹೂದಿಗಳ ಪಾಸ್‌ಪೋರ್ಟಿಗೆ ಕೆಂಪು ‘ಜೆ’ ಅಕ್ಷರ ಒತ್ತುತ್ತಿದ್ದರು. ಹಾಗೆ ಗುರುತು ಒತ್ತಿಸಿಕೊಂಡ ಜನರ ನಡುವಿನಿಂದ ಬಂದವರೇ ಜರ್ಮನ್ ಸೈನಿಕನಿಗೆ ರಹದಾರಿ ನೀಡುವ ಪಡೆಯಲ್ಲಿದ್ದರು ಎಂದು ಬರೆಯುವಾಗ ಕೈ ತಡೆಯುತ್ತದೆ. ಆದರೆ ರಹದಾರಿಯಲ್ಲಿ ದಾಟಲು ಅನುಮತಿ ಇದೆಯೇ ಹೊರತು ಪ್ರಾಣಕ್ಕೆ ಭರವಸೆ ಇಲ್ಲ.

‘ಶರಣಾಗತಿ ಪತ್ರ’ ಎಂದರೆ ಸೋತವನು ಬರೆದುಕೊಟ್ಟದ್ದೆಂಬ ಅರ್ಥ ಬರುತ್ತದೆ. ಇಲ್ಲಿ ಬರೆದವನು ಎದುರಾಳಿ. ‘ಅಭಯಪತ್ರ’ದ ಅರ್ಥ ಒಪ್ಪುತ್ತದೆ, ಆದರೆ ದೇವರ ಅಭಯಹಸ್ತವೇ ಕಣ್ಣಿಗೆ ಬರುತ್ತದೆ. ಕೆಸರುಮೆತ್ತಿದ ಕಾಗದಕ್ಕೆ ಅದು ಭಾರ.

ಉಳಿದದ್ದು ‘ಕೌಲು’. ಅರಬ್ಬಿ ಮೂಲದಲ್ಲಿ ಮಾತು, ಕೊಟ್ಟ ಮಾತು. ಗುತ್ತಿಗೆಯ ಕರಾರಿಗೂ, ಹೆದರಿದವನಿಗೆ ‘ಬಾ, ನಿನಗೆ ತೊಂದರೆಯಿಲ್ಲ’ ಎಂದು ಬರೆದುಕೊಡುವ ಪತ್ರಕ್ಕೂ ನಮ್ಮ ಕಡೆ ಇದೇ ಹೆಸರಿತ್ತು. ನನಗೆ ಬೇಕಾದದ್ದು ಈ ಎರಡನೆಯ ಅರ್ಥ.

ನಿಮ್ಮ ಮನೆಯ ಹಳೆಯ ಕಾಗದಗಳಲ್ಲಿ, ಹಿರಿಯರ ಮಾತಿನಲ್ಲಿ ಈ ಅರ್ಥದ ‘ಕೌಲು’ ಸಿಕ್ಕಿದೆಯೇ? ‘ಕೌಲು ಚೀಟಿ’ ಎಂದರೆ ಇಂದಿನ ಓದುಗರಿಗೆ ವಿವರಣೆಯಿಲ್ಲದೆ ತಿಳಿದೀತೇ?