ಬಲಗಾಲಿನ ಡೆನಿಸ್ ಇರ್ವಿನ್ ಎಡ ಬ್ಯಾಕ್‌ನಲ್ಲಿ ಅಷ್ಟು ವರ್ಷ ಹೇಗೆ ನಿಂತ?

ಕಾರ್ನರ್‌ಫ್ಲ್ಯಾಗ್ ಕೇಳಿದ್ದು:

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ 90ರ ದಶಕ ಅಂದ್ರೆ ಕ್ಯಾಂಟೊನಾ, ಗಿಗ್ಸ್, ರಾಯ್ ಕೀನ್ ಹೆಸರುಗಳೇ ಬರ್ತವೆ. ನನಗೆ ಬೇಕಿರೋದು ಐರ್ಲೆಂಡಿನ ಡೆನಿಸ್ ಇರ್ವಿನ್ ಬಗ್ಗೆ. ಮೂಲತಃ ಬಲ ಬ್ಯಾಕ್ (ರಕ್ಷಣಾ ಸಾಲಿನ ಬಲತುದಿಯಲ್ಲಿ ಆಡೋನು), ಬಲಗಾಲಿನ ಆಟಗಾರ. ಆದ್ರೂ ಹೆಚ್ಚಿನ ಪಂದ್ಯಗಳನ್ನ ಎಡಬದಿಯಲ್ಲೇ ಆಡಿದ. ಇದು ಹೇಗೆ ಸಾಧ್ಯವಾಯ್ತು? ಹಳೆಯ ಪಂದ್ಯಗಳನ್ನ ನೋಡೋದಾದ್ರೆ ಯಾವುದನ್ನ ನೋಡಬೇಕು, ಅದರಲ್ಲಿ ಏನನ್ನ ಗಮನಿಸಬೇಕು?

ಹಳೇಸ್ಕೋರ್‌ಬೋರ್ಡ್ ಉತ್ತರ:

ಮೊದಲು ಹಿನ್ನೆಲೆ ಹೇಳ್ತೀನಿ, ಯಾಕಂದ್ರೆ ಉತ್ತರದ ಅರ್ಧ ಅಲ್ಲೇ ಇದೆ. ಹುಟ್ಟಿದ್ದು 1965ರಲ್ಲಿ, ಕಾರ್ಕ್‌ನಲ್ಲಿ. ವೃತ್ತಿ ಶುರುವಾಗಿದ್ದು ಲೀಡ್ಸ್ ಕ್ಲಬ್‌ನಲ್ಲಿ. 1986ರಲ್ಲಿ ಲೀಡ್ಸ್ ಅವನನ್ನ ಹಣವೇ ಇಲ್ಲದೆ ಬಿಟ್ಟುಕೊಟ್ಟಿತು, ಓಲ್ಡ್‌ಹ್ಯಾಮ್ ಕ್ಲಬ್‌ನ ಮ್ಯಾನೇಜರ್ ಜೋ ರಾಯ್ಲ್ ಅಲ್ಲಿಗೆ ಕರೆದುಕೊಂಡ. ಆಗ ಓಲ್ಡ್‌ಹ್ಯಾಮ್‌ನ ಮೈದಾನ ಬೌಂಡರಿ ಪಾರ್ಕ್‌ನಲ್ಲಿ ಹಾಸಿದ್ದು ಪ್ಲಾಸ್ಟಿಕ್ ಹುಲ್ಲು. ಆ ನೆಲದ ಮೇಲೆ ಚೆಂಡು ಎತ್ತರಕ್ಕೆ ಪುಟಿಯುತ್ತೆ, ವೇಗವಾಗಿ ಜಾರುತ್ತೆ. ಜಾರಿ ಬಿದ್ದು ಟ್ಯಾಕಲ್ ಮಾಡಿದ್ರೆ ಚರ್ಮ ಕಿತ್ತುಬರುತ್ತೆ. ಅಲ್ಲಿ ನಾಲ್ಕು ಸೀಸನ್ ಆಡೋ ಡಿಫೆಂಡರ್ ಬೀಳದೆ, ನಿಂತೇ ಚೆಂಡು ಕಸಿಯೋದನ್ನ ಕಲೀಲೇಬೇಕು. ಇರ್ವಿನ್‌ನ ಆಟದ ಗುರುತೇ ಅದು.

1990ರಲ್ಲಿ ಓಲ್ಡ್‌ಹ್ಯಾಮ್ ಎರಡನೇ ಡಿವಿಷನ್‌ನಲ್ಲಿದ್ದೇ ಲೀಗ್ ಕಪ್ ಫೈನಲ್ ತಲುಪಿತು, ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಯುನೈಟೆಡ್‌ಗೆ 3-3 ಸವಾಲು ಹಾಕಿ ಮರುಪಂದ್ಯದಲ್ಲಿ ಸೋತಿತು. ಆ ಬೇಸಿಗೆಯಲ್ಲೇ ಯುನೈಟೆಡ್ ಮ್ಯಾನೇಜರ್ ಫರ್ಗುಸನ್ 6,25,000 ಪೌಂಡ್ ಕೊಟ್ಟು ಅವನನ್ನ ಕೊಂಡರು. ಆಮೇಲೆ 2002ರವರೆಗೆ 529 ಪಂದ್ಯ, 33 ಗೋಲು, ಏಳು ಪ್ರೀಮಿಯರ್ ಲೀಗ್ ಪ್ರಶಸ್ತಿ, 1999ರ ಚಾಂಪಿಯನ್ಸ್ ಲೀಗ್ ಪ್ರಶಸ್ತಿ. ಆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಖರೀದಿಯನ್ನ ಫರ್ಗುಸನ್ ಮಾಡಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಎಡಕ್ಕೆ ಹೋಗಿದ್ದು ಯಾಕೆ ಅಂದ್ರೆ, 1991ರ ಬೇಸಿಗೆಯಲ್ಲಿ ಬಲ ಬ್ಯಾಕ್ ಪಾಲ್ ಪಾರ್ಕರ್ ಬಂದ. ಅದಕ್ಕೂ ಮುಂಚೆ, ಅದೇ ವರ್ಷ ರಾಟರ್‌ಡ್ಯಾಮ್‌ನಲ್ಲಿ ಬಾರ್ಸಿಲೋನಾವನ್ನ 2-1ರಿಂದ ಸೋಲಿಸಿದ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಇರ್ವಿನ್ ಬಲಗಡೆಯೇ ಇದ್ದ. ಪಾರ್ಕರ್ ನಂತರ ಗ್ಯಾರಿ ನೆವಿಲ್ ಬಂದ, ಹಾಗಾಗಿ ಎಡಬದಿಯೇ ಖಾಯಂ ಆಯ್ತು.

ಸೆಕೆಂಡ್‌ಪೋಸ್ಟ್ ಉತ್ತರ:

ತಂತ್ರದ ಬಗ್ಗೆ ನಾನು ಸೇರಿಸ್ತೀನಿ. ಬಲಗಾಲಿನವರನ್ನ ಎಡ ಬ್ಯಾಕ್‌ನಲ್ಲಿ ಹಾಕಿದಾಗ ಸಾಮಾನ್ಯವಾಗಿ ಎರಡು ಕಡೆ ಕೆಡುತ್ತೆ. ಒಂದು, ಚೆಂಡು ಬಂದಾಗ ಮೈಯೆಲ್ಲ ಒಳಗಡೆ ತಿರುಗಿ ಬಲಗಾಲಲ್ಲೇ ತಡೆಯೋದು. ಆಗ ಮುಂದಿನ ಪಾಸ್ ಮೈದಾನದ ಮಧ್ಯಕ್ಕೇ ಹೋಗ್ಬೇಕು, ಎದುರಾಳಿ ಅಲ್ಲೇ ಕಾಯ್ತಿರ್ತಾನೆ. ಎರಡು, ಸೈಡ್‌ಲೈನ್ ಗೆರೆಯುದ್ದಕ್ಕೂ ಓಡಿದ ಮೇಲೆ ಕ್ರಾಸ್ ಮಾಡೋಕೆ (ಚೆಂಡನ್ನ ಗೋಲಿನ ಮುಂದಕ್ಕೆ ಹಾಕೋಕೆ) ನಿಂತು, ಚೆಂಡನ್ನ ಬಲಗಾಲಿಗೆ ತಂದುಕೊಳ್ಳೋದು. ಅಷ್ಟರಲ್ಲಿ ಡಿಫೆನ್ಸ್ ಮತ್ತೆ ಸಾಲು ಕಟ್ಟಿರುತ್ತೆ.

ಇರ್ವಿನ್‌ನಲ್ಲಿ ಎರಡೂ ಕಾಣಲ್ಲ. ಚೆಂಡು ಬರೋ ಮುಂಚೆ ಅವನ ಸೊಂಟ ನೋಡಿ: ಬೆನ್ನು ಸೈಡ್‌ಲೈನ್ ಕಡೆ, ಇಡೀ ಮೈದಾನ ಕಣ್ಣೆದುರು. ಎದುರಾಳಿ ಒಳಗಿನಿಂದ ಒತ್ತಿದ್ರೆ ಎಡಗಾಲಲ್ಲಿ ಹೊರಕ್ಕೆ, ಹೊರಗಿನಿಂದ ಒತ್ತಿದ್ರೆ ಬಲಗಾಲಲ್ಲಿ ಒಳಕ್ಕೆ. ಎಡಗಾಲಿನ ಕ್ರಾಸ್‌ನ್ನೂ ನಿಲ್ಲದೆ ಓಟದಲ್ಲೇ ಹಾಕ್ತಿದ್ದ. ಮುಂದೆ ಗಿಗ್ಸ್ ಅಥವಾ ಲೀ ಶಾರ್ಪ್ ಇದ್ದದ್ದೂ ಅನುಕೂಲವೇ. ಇಬ್ಬರೂ ಎಡಗಾಲಿನವರು, ಗೆರೆಯ ಅಗಲವನ್ನ ಅವರು ಹಿಡಿದಿರ್ತಿದ್ರು, ಇವನು ಒಳಗಿನ ಜಾಗಕ್ಕೆ ಬರಬಹುದಿತ್ತು. 1994ರ ಎಫ್‌ಎ ಕಪ್‌ನಲ್ಲಿ ವಿಂಬಲ್ಡನ್ ವಿರುದ್ಧ 3-0 ಗೆದ್ದ ಪಂದ್ಯದ ಮೂರನೇ ಗೋಲು ನೋಡಿ: ಸಾಲು ಸಾಲು ಪಾಸ್‌ಗಳು, ಕೊನೆಗೆ ಬಾಕ್ಸ್ ಒಳಗೆ ನುಗ್ಗಿ ಮುಗಿಸಿದ್ದು ಡಿಫೆಂಡರ್ ಇರ್ವಿನ್.

ರಕ್ಷಣೆಯಲ್ಲಿ ಅವನು ವಿಂಗರ್‌ಗೆ, ಅಂದ್ರೆ ಅಂಚಿನಲ್ಲಿ ದಾಳಿ ಮಾಡೋ ಎದುರಾಳಿಗೆ, ಮೊದಲ ಹೆಜ್ಜೆ ಬಿಟ್ಟುಕೊಡ್ತಾನೆ, ಒಂದೂವರೆ ತೋಳಿನಷ್ಟು ಅಂತರ ಇಟ್ಟು ಹಿಂದೆ ಸರೀತಾನೆ, ವಿಂಗರ್ ಚೆಂಡನ್ನ ಕಾಲಿನಿಂದ ಸ್ವಲ್ಪ ದೂರ ತಳ್ಳಿದ ಕ್ಷಣ ಮಾತ್ರ ಕಾಲು ಹಾಕ್ತಾನೆ. 5 ಅಡಿ 8 ಇಂಚಿನ ಆಟಗಾರ ದೇಹದ ತೂಕದಿಂದ ಗೆಲ್ಲೋಕಾಗಲ್ಲ, ಸಮಯ ನೋಡಿಯೇ ಗೆಲ್ಲಬೇಕು.

ಹಳೇಸ್ಕೋರ್‌ಬೋರ್ಡ್:

ಸೆಟ್ ಪೀಸ್ (ಫ್ರೀ ಕಿಕ್, ಪೆನಾಲ್ಟಿಯಂಥ ನಿಂತ ಚೆಂಡಿನ ಹೊಡೆತ) ಮರೀಬೇಡಿ. 1994ರ ಜನವರಿ, ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್: ಯುನೈಟೆಡ್ 24 ನಿಮಿಷದೊಳಗೆ 3-0, ಮೂರನೆಯದು ಇರ್ವಿನ್‌ನ ಫ್ರೀ ಕಿಕ್. ಕೊನೆಗೆ ಪಂದ್ಯ 3-3 ಆಯ್ತು ಅನ್ನೋದು ಬೇರೆ ಮಾತು. ಅದೇ ವರ್ಷ ಹಳೆಯ ಕ್ಲಬ್ ಓಲ್ಡ್‌ಹ್ಯಾಮ್ ವಿರುದ್ಧ ಎಫ್‌ಎ ಕಪ್ ಸೆಮಿಫೈನಲ್ ಮರುಪಂದ್ಯದಲ್ಲೂ ಗೋಲು ಹೊಡೆದ. 1997ರಲ್ಲಿ ಕ್ಯಾಂಟೊನಾ ನಿವೃತ್ತನಾದ ಮೇಲೆ ಪೆನಾಲ್ಟಿಗಳೂ ಹೆಚ್ಚಾಗಿ ಇವನ ಪಾಲಿಗೇ ಬಂದವು.

ಹಸಿರುಜರ್ಸಿ ಉತ್ತರ:

ಐರ್ಲೆಂಡ್ ಪರ 56 ಪಂದ್ಯ, 4 ಗೋಲು. ದೇಶಕ್ಕೆ ಆಡುವಾಗ ಬಲಗಡೆಯೂ ಆಡಿದ. 1994ರ ವಿಶ್ವಕಪ್‌ನಲ್ಲಿ ಇಟಲಿಯನ್ನ 1-0 ಸೋಲಿಸಿದಾಗ ಅವನು ಬಲ ಬ್ಯಾಕ್, ಎಡಕ್ಕೆ ಟೆರಿ ಫೀಲನ್. ಒರ್ಲಾಂಡೊದ ಉರಿಬಿಸಿಲಲ್ಲಿ ಮೆಕ್ಸಿಕೊ ವಿರುದ್ಧ 2-1 ಸೋಲು. ಆ ಎರಡು ಪಂದ್ಯಗಳಲ್ಲಿ ತಲಾ ಒಂದು ಹಳದಿ ಕಾರ್ಡ್ ಆಗಿ, ಇಬ್ಬರೂ ಫುಲ್‌ಬ್ಯಾಕ್‌ಗಳು ನಾರ್ವೆ ವಿರುದ್ಧ ಹೊರಗೆ. ಬಲಗಡೆ ಗ್ಯಾರಿ ಕೆಲ್ಲಿ ಬಂದ, ಮುಂದೆ ನೆದರ್‌ಲೆಂಡ್ಸ್ ವಿರುದ್ಧವೂ ಅವನೇ ಉಳಿದ.

ಇಷ್ಟು ಶಿಸ್ತಿನ ಆಟಗಾರನಿಗೆ ಕಾರ್ಡ್‌ಗಳು ಕಾಡಿದ್ದು ಅದೊಂದೇ ಸಲ ಅಲ್ಲ. 1999ರ ಮೇ 5, ಆನ್‌ಫೀಲ್ಡ್: ಪೆನಾಲ್ಟಿ ಗೋಲು ಹೊಡೆದ, ಆಮೇಲೆ ಹೊರಗೆ ಹೋದ ಚೆಂಡನ್ನ ಮುಂದಕ್ಕೆ ಒದ್ದಿದ್ದಕ್ಕೆ ಎರಡನೇ ಹಳದಿ, ಅಂದ್ರೆ ಕೆಂಪು ಕಾರ್ಡ್. ಹಾಗಾಗಿ ನ್ಯೂಕ್ಯಾಸಲ್ ವಿರುದ್ಧದ ಎಫ್‌ಎ ಕಪ್ ಫೈನಲ್ ಕೈತಪ್ಪಿತು. ಅಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಬೆಲೆ, ಈಗಲೂ ಬೇಸರ ಆಗುತ್ತೆ.

ಕಾರ್ನರ್‌ಫ್ಲ್ಯಾಗ್:

ಹಾಗಾದ್ರೆ ಒಂದೇ ಪಂದ್ಯ ನೋಡೋದಾದ್ರೆ ಯಾವುದು?

ಸೆಕೆಂಡ್‌ಪೋಸ್ಟ್:

1999ರ ಮೇ 26, ಬಾಯರ್ನ್ ಮ್ಯೂನಿಕ್ ವಿರುದ್ಧದ ಚಾಂಪಿಯನ್ಸ್ ಲೀಗ್ ಫೈನಲ್. ಯುನೈಟೆಡ್ ಎರಡು ಗೋಲು ಹೊಡೆದು ಗೆದ್ದ ಕೊನೆಯ ಮೂರು ನಿಮಿಷ ಮಾತ್ರ ನೋಡಿ ಬಿಡಬೇಡಿ. ಕೀನ್, ಸ್ಕೋಲ್ಸ್ ಇಬ್ಬರೂ ಅಮಾನತಿನಲ್ಲಿದ್ದರು, ಬೆಕ್‌ಹ್ಯಾಮ್ ಮಧ್ಯಕ್ಕೆ ಬಂದ, ಗಿಗ್ಸ್ ಬಲಕ್ಕೆ ಹೋದ. ಇರ್ವಿನ್ ಮುಂದೆ ಸ್ವೀಡನ್ನಿನ ಬ್ಲೋಮ್‌ಕ್ವಿಸ್ಟ್, ಅಂದ್ರೆ ರೂಢಿಯ ಜೋಡಿ ಇಲ್ಲ. ಎದುರಿಗೆ ಬಾಯರ್ನ್‌ನ ಬಾಸ್ಲರ್. ಬಾಯರ್ನ್‌ನ ಗೋಲು ಬಿದ್ದದ್ದು ಬಾಸ್ಲರ್‌ನ ಫ್ರೀ ಕಿಕ್‌ನಿಂದ. ಚೆಂಡು ಎಲ್ಲೇ ಇರಲಿ, ಮೊದಲಾರ್ಧ ಪೂರ್ತಿ ಕಣ್ಣನ್ನ ಇರ್ವಿನ್ ಮೇಲೇ ಇಡಿ.

ಹಳೇಸ್ಕೋರ್‌ಬೋರ್ಡ್:

ಅದಾದ ಮೇಲೆ, ಯುನೈಟೆಡ್ ಬಿಟ್ಟು ಸೇರಿದ ವೂಲ್ವ್ಸ್ ಕ್ಲಬ್‌ನ ದಿನಗಳನ್ನೂ ಒಮ್ಮೆ ನೋಡಿ. 2003ರಲ್ಲಿ ಕಾರ್ಡಿಫ್‌ನಲ್ಲಿ ಶೆಫೀಲ್ಡ್ ಯುನೈಟೆಡ್‌ನ್ನ 3-0 ಸೋಲಿಸಿ ಪ್ರೀಮಿಯರ್ ಲೀಗ್‌ಗೆ ಏರಿದ ತಂಡದಲ್ಲಿ ಅವನಿಗೆ 37 ವಯಸ್ಸು. ಮರುವರ್ಷ ನಿವೃತ್ತಿ. ವೇಗ ಇಳಿದಿತ್ತು, ನಿಲ್ಲುವ ಜಾಗ ಮಾತ್ರ ತಪ್ಪಿರಲಿಲ್ಲ.